ಸಹಿಯ ಜೊತೆ ಅರ್ಜಿಯೂ ಬೇಕು

ತೀರ್ಥಹಳ್ಳಿಯ ನಿಮ್ಮ ಸಹಪಾಠಿ ಮಂಗನ ಕಾಯಿಲೆಯಿಂದ ಮಲಗಿ, ಹಾಜರಾತಿ ಕಡಿಮೆಯಾಗಿ ವಿದ್ಯಾರ್ಥಿವೇತನ ಕಳೆದುಕೊಳ್ಳುವಂತಿದ್ದಾನೆ, ಎಲ್ಲರೂ ಒಂದು ಮನವಿಗೆ ಸಹಿ ಹಾಕಿ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಹಿ ಬೇಕು, ಆದರೆ ಅಷ್ಟೇ ಸಾಲದು. ಹಾಜರಾತಿಯಲ್ಲಿ ವಿನಾಯಿತಿ ಕೋರಿ ಅವನಿಂದಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿಸಿ. ಆಸ್ಪತ್ರೆಯ ಬಿಡುಗಡೆ ಪತ್ರ, ರಕ್ತಪರೀಕ್ಷೆಯ ವರದಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿದ್ಯಾರ್ಥಿವೇತನ ಮಂಜೂರು ಮಾಡುವ ಇಲಾಖೆಯ ತಾಲ್ಲೂಕು ಕಚೇರಿಗೂ ಒಂದು ಪ್ರತಿ ಮುಟ್ಟಿಸಿ.

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ ರೋಗವಿದು. ಜ್ವರ ಬಿಟ್ಟ ಮೇಲೂ ಕೆಲವರಿಗೆ ಮತ್ತೊಂದು ಸುತ್ತು ಬರುತ್ತದೆ, ನಿತ್ರಾಣ ವಾರಗಟ್ಟಲೆ ಉಳಿಯುತ್ತದೆ. ಇದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಅವನು ಸೋಮಾರಿಯಲ್ಲ ಎಂಬುದು ಓದಿದವರಿಗೆ ಮನವರಿಕೆಯಾಗಬೇಕು. ಕಾಯಿಲೆಯ ವಿವರ ಹಂಚುವ ಮೊದಲು ಅವನ ಒಪ್ಪಿಗೆ ಕೇಳಿ. ತಪ್ಪಿದ ಪಾಠಗಳ ಟಿಪ್ಪಣಿಯನ್ನು ವಿಷಯಕ್ಕೊಬ್ಬರಂತೆ ಬರೆದುಕೊಡಿ. ನನ್ನ ತಂಗಿಗೆ ಅವಳ ಗೆಳತಿಯರು ಹೀಗೆಯೇ ಮಾಡಿದ್ದರು.