ಸುಣ್ಣ ಸಿಡಿದ ಕಣ್ಣಿಗೆ ಕೃತಕ ಕಾರ್ನಿಯಾ ಹಾಕಿಸಬಹುದಾ?

ಅಣ್ಣನ ಒಂದು ಕಣ್ಣಿಗೆ ಸುಣ್ಣ ಸಿಡಿದಿದೆ, ಕಸಿ ಮಾಡಿದ ಕಾರ್ನಿಯಾವೂ (ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ) ಬೆಳ್ಳಗಾಗಿದೆ, ಇನ್ನು ಕೃತಕ ಕಾರ್ನಿಯಾವೇ ಗತಿಯಾ ಅಂತ ಕೇಳಿದ್ದೀರಿ.

ನನಗೂ ಸುಣ್ಣವೇ. ಕಾರ್ಕಳದ ಹತ್ತಿರ ನಮ್ಮ ಅಡಿಕೆ ತೋಟ. ಮಳೆಗೆ ಮೊದಲು ಕೊಳೆರೋಗಕ್ಕೆ ಮದ್ದು ಬಿಡಬೇಕಲ್ವಾ, ಮೈಲುತುತ್ತಿನ ಜೊತೆ ಸೇರಿಸಲು ಸುಟ್ಟ ಸುಣ್ಣಕ್ಕೆ ನೀರು ಹೊಯ್ದೆ. ಕೊತಕೊತ ಕುದಿದು ಎರಡೂ ಕಣ್ಣಿಗೆ ಹಾರಿತು. (ತೋಟದವರು ನೆನಪಿಡಿ, ಅಲ್ಲೇ ನೀರು ಬಿಟ್ಟು ಅರ್ಧ ಗಂಟೆ ತೊಳೆಯಬೇಕು, ಆಸ್ಪತ್ರೆ ಆಮೇಲೆ.)

ನನಗೂ ಕಸಿ ನಿಲ್ಲಲಿಲ್ಲ. ಕರಿಗುಡ್ಡೆಯ ಅಂಚಿನಲ್ಲಿ ಕಾಂಡಕೋಶಗಳಿರುತ್ತವೆ, ಕಾರ್ನಿಯಾದ ಮೇಲ್ಪದರವನ್ನು ಹೊಸದಾಗಿ ಬೆಳೆಸುವುದು ಅವೇ. ಸುಣ್ಣಕ್ಕೆ ಅವು ಸತ್ತರೆ ಬಿಳಿಭಾಗದ ತೆಳುಪದರ ರಕ್ತನಾಳಗಳ ಸಮೇತ ಗದ್ದೆಗೆ ಕಳೆ ನುಗ್ಗಿದ ಹಾಗೆ ಹಬ್ಬುತ್ತದೆ. ಎಷ್ಟು ಒಳ್ಳೆಯ ಕಾರ್ನಿಯಾ ಹಾಕಿದರೂ ಅಷ್ಟೇ.

ಕೊನೆಗೆ ಬಲಗಣ್ಣಿಗೆ ಬೋಸ್ಟನ್ ಮಾದರಿಯ ಕೃತಕ ಕಾರ್ನಿಯಾ ಹಾಕಿದರು. ಮುಂದೆ ಪ್ಲಾಸ್ಟಿಕ್ ಲೆನ್ಸ್, ಹಿಂದೆ ತೂತುಗಳಿರುವ ಬಿಲ್ಲೆ, ನಡುವೆ ದಾನಿಯ ಕಾರ್ನಿಯಾ. ಕೃತಕ ಅಂದರೂ ಇದಕ್ಕೆ ನೇತ್ರದಾನ ಬೇಕೇ ಬೇಕು. ಪಟ್ಟಿ ಬಿಚ್ಚಿದ ಮೇಲೆ ಡ್ರಾಪ್ಸ್ ಬಾಟಲಿಯ ಸಣ್ಣ ಅಕ್ಷರವನ್ನು ನಾನೇ ಓದಿದೆ.

ಆಮೇಲೆ ಡ್ರಾಪ್ಸ್ ಹಾಕುವುದನ್ನೇ ತಪ್ಪಿಸಿದೆ. ಆ್ಯಂಟಿಬಯಾಟಿಕ್ ಹಾಕುತ್ತಿದ್ದೆ, ಕಣ್ಣಿನ ಪ್ರೆಷರಿನದ್ದು ನಿಲ್ಲಿಸಿದೆ. ನೋವಿಲ್ಲ, ಉರಿಯಿಲ್ಲ, ಚೆನ್ನಾಗಿ ಕಾಣುತ್ತದೆ, ಮತ್ತೆ ಯಾಕೆ ಅಂತ. ಗ್ಲಾಕೋಮಾ, ಅಂದರೆ ಪ್ರೆಷರ್ ಏರಿ ಕಣ್ಣಿನ ನರ ಸಾಯುವ ಕಾಯಿಲೆ, ಬರುವುದೇ ಹೀಗೆ. ಸುಣ್ಣ ಬಿದ್ದ ಕಣ್ಣಿಗೆ ಅದರ ಅಪಾಯ ಮೊದಲೇ ಜಾಸ್ತಿ. ಮೇಲೆ ಪ್ಲಾಸ್ಟಿಕ್ ಕೂತಿರುವುದರಿಂದ ಮಾಮೂಲಿ ಮಿಷನ್ನಿನಲ್ಲಿ ಪ್ರೆಷರ್ ಅಳೆಯಲು ಬರುವುದಿಲ್ಲ. ಡಾಕ್ಟರು ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿ ಅಂದಾಜು ಮಾಡುತ್ತಾರೆ. ನಾವು ಹೋಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನರ ಸಾಯುವಾಗ ಮೊದಲು ಹೋಗುವುದು ಅಂಚಿನ ನೋಟ. ನಡುವಿನದ್ದು ಸ್ಪಷ್ಟವಾಗಿಯೇ ಇರುತ್ತದೆ, ಹಾಗಾಗಿ ಏನೂ ಆಗಿಲ್ಲ ಅನ್ನಿಸುತ್ತದೆ. ಒಂದು ಮದುವೆ ಊಟದಲ್ಲಿ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ ನನಗೆ ಕಾಣಲೇ ಇಲ್ಲ. ತಲೆ ತಿರುಗಿಸಿದರೆ ಇದೆ, ನೇರ ನೋಡಿದರೆ ಇಲ್ಲ. ಸತ್ತ ನರ ಮತ್ತೆ ಬರುವುದಿಲ್ಲ. ಡ್ರಾಪ್ಸ್ ನಿಲ್ಲಿಸದೇ ಇದ್ದಿದ್ದರೆ ಇವತ್ತು ನಾನು ಒಬ್ಬನೇ ರಸ್ತೆ ದಾಟುತ್ತಿದ್ದೆ.

ಹಾಗಾಗಿ ನೇರ ಹೇಳುತ್ತೇನೆ. ಅಣ್ಣನ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಕೃತಕ ಕಾರ್ನಿಯಾದ ಹಿಂದೆ ಈಗಲೇ ಬೀಳಬೇಡಿ. ಸ್ಲೆಟ್ ಅಂತ ಒಂದು ಆಪರೇಷನ್ ಇದೆ. ಒಳ್ಳೆಯ ಕಣ್ಣಿನ ಅಂಚಿನಿಂದ ಕಾಂಡಕೋಶಗಳಿರುವ ಚೂರೇ ಚೂರು ತೆಗೆದು, ತುಂಡು ಮಾಡಿ, ಹಾಳಾದ ಕಣ್ಣಿನ ಮೇಲೆ ಅಂಟಿಸುತ್ತಾರೆ. 2012ರಲ್ಲಿ ಹೈದರಾಬಾದಿನ ಎಲ್‌ವಿ ಪ್ರಸಾದ್ ಕಣ್ಣಿನ ಆಸ್ಪತ್ರೆಯವರೇ ಇದನ್ನು ಪ್ರಕಟಿಸಿದ್ದು. ಮೇಲ್ಮೈ ಸರಿಯಾದ ಮೇಲೆ, ಬೇಕಾದರೆ ಮಾಮೂಲಿ ಕಸಿ. ನನಗೆ ಎರಡೂ ಕಣ್ಣು ಸುಟ್ಟಿದ್ದರಿಂದ ಆ ದಾರಿ ಇರಲಿಲ್ಲ. ನಿಮ್ಮ ಅಣ್ಣನಿಗೆ ಇದೆ.

ಅದಕ್ಕೂ ಮೊದಲು ಒಂದು ವಿಷಯ. ಕಾಣದ ಕಣ್ಣು ಅಂತ ಆ ಕಣ್ಣಿನ ಪ್ರೆಷರ್ ನೋಡಿಸುವುದನ್ನು ಬಿಟ್ಟಿದ್ದೀರಾ? ಬಿಟ್ಟಿದ್ದರೆ ಈ ವಾರವೇ ಕರೆದುಕೊಂಡು ಹೋಗಿ. ಒಳಗಿನ ನರ ಹೋದರೆ ಮೇಲೆ ಏನು ಹಾಕಿದರೂ ಕಾಣುವುದಿಲ್ಲ.