ನಾಲ್ಕು ಬಂತು, ಒಂದು ಮುರಿಯಿತು, ಮೂರು ಉಳಿದಿದೆ

ಪ್ರಶ್ನೆ: ಸರ್, ನನ್ನದು 22 ವರ್ಷದ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಇರುವುದಿಲ್ಲ. ನೋಡಿದರೆ ಇಂಜಿನ್ನಿನ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ. ನಾನೇ ಬಿಚ್ಚಲು ಕೂತೆ. ಎಂಟು ನಟ್ಟುಗಳಲ್ಲಿ ನಾಲ್ಕು ಬಂದವು. ಐದನೆಯದು ಸ್ಟಡ್ (ನಟ್ಟು ಕೂರುವ ತಲೆಯಿಲ್ಲದ ಬೋಲ್ಟು) ಸಮೇತ ಮುರಿಯಿತು. ಉಳಿದ ಮೂರು ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಕೆಳಗೆ, ಮ್ಯಾನಿಫೋಲ್ಡಿನಿಂದ ಇಳಿಯುವ ಡೌನ್‌ಪೈಪಿನ ನಟ್ಟುಗಳು ತುಕ್ಕು ಹಿಡಿದು ಸವೆದಿವೆ, ಯಾವ ಸ್ಪ್ಯಾನರೂ ಕೂರುವುದಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪ್ ಹಾಕಿ ಜಗ್ಗಲೇ?

ಉತ್ತರ: ಬೇಡ. ಐದನೆಯದು ಮುರಿದದ್ದೂ ಹಾಗೆ ಜಗ್ಗಿಯೇ ಇರಬೇಕು, ಅಲ್ವಾ?

ನೀವು ಬಿರುಕು ಹಿಡಿದದ್ದು ಸರಿಯಾಗಿಯೇ ಇದೆ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಅಂದರೆ ಈ ಮ್ಯಾನಿಫೋಲ್ಡ್ ಹೇಗೂ ಗುಜರಿಗೆ. ನೀವು ಉಳಿಸಿಕೊಳ್ಳಬೇಕಾದ್ದು ಅದು ಕೂತಿರುವ ಸಿಲಿಂಡರ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಒಂದನ್ನೇ. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಹಗುರ.

ಹಾಗಾಗಿ ಡೌನ್‌ಪೈಪಿನ ನಟ್ಟುಗಳ ಜೊತೆ ಗುದ್ದಾಡಬೇಡಿ. ಸಾಮಾನ್ಯವಾಗಿ ಆ ಸ್ಟಡ್‌ಗಳು ಇರುವುದು ಮ್ಯಾನಿಫೋಲ್ಡಿನಲ್ಲೇ. ಅವು ಹೋದರೆ ಹೋಗಲಿ. ಗ್ರೈಂಡರಿನಿಂದ ನಟ್ಟುಗಳನ್ನು ಕತ್ತರಿಸಿ ಹಾಕಿ. ಆಕ್ಸಿಜನ್ ಸೆನ್ಸರ್ ಇದ್ದರೆ ಅದರ ವೈರನ್ನು ಮೊದಲೇ ಕಳಚಿಡಿ. ಕಿಡಿ ಪೆಟ್ರೋಲ್ ಪೈಪಿನ ಕಡೆ ಹಾರದಂತೆ ನೋಡಿಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಮಾತ್ರ ಯಾವ ಕಾರಣಕ್ಕೂ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಇನ್ನು ಮೇಲಿನ ಮೂರು. ಕಬ್ಬಿಣ ತುಕ್ಕಾದಾಗ ಜಾಸ್ತಿ ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದಿಯೆಲ್ಲ ತುಂಬಿ ನಟ್ಟು ಸ್ಟಡ್ಡು ಒಂದೇ ತುಂಡಾದ ಹಾಗೆ ಆಗಿರುತ್ತದೆ. ನಟ್ಟಿನ ಆಚೆ ಇಣುಕುವ ಥ್ರೆಡ್ಡನ್ನು ಮೊದಲು ತಂತಿ ಬ್ರಶ್‌ನಿಂದ ಉಜ್ಜಿ. ತುಂಬಾ ಜನ ಇದನ್ನು ಮರೆಯುತ್ತಾರೆ. ನಟ್ಟು ಹೊರಗೆ ಬರಬೇಕಾದ್ದು ಆ ದಾರಿಯಲ್ಲೇ ತಾನೇ? ಆಮೇಲೆ ತುಕ್ಕು ಬಿಡಿಸುವ ಎಣ್ಣೆ, ಇಂಜಿನ್ ತಣ್ಣಗಿರುವಾಗ. ಸುಡುವ ಮ್ಯಾನಿಫೋಲ್ಡ್ ಮೇಲೆ ಬಿಟ್ಟರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಸಂಜೆ ಬಿಡಿ, ಬೆಳಿಗ್ಗೆ ಬಿಡಿ, ಮತ್ತೆ ಸಂಜೆ ಬಿಡಿ. ನಡುವೆ ಸುತ್ತಿಗೆಯಿಂದ ನಟ್ಟಿನ ತಲೆಗೆ ಸಣ್ಣಗೆ ತಟ್ಟುತ್ತಿರಿ. ಎರಡು ದಿನ ಹೋದರೂ ಹೋಗಲಿ.

ಸಾಕೆಟ್ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ನಟ್ಟಿನ ಅಂಚನ್ನು ಸವೆಸುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಸಡಿಲುತ್ತದೆ. ಆಮೇಲೆ ಸ್ವಲ್ಪ ಬಿಚ್ಚಿ, ಮತ್ತೆ ಹಿಂದಕ್ಕೆ, ಎಣ್ಣೆ, ಮತ್ತೆ ಮುಂದಕ್ಕೆ.

ಇಲ್ಲಿ ಕಿವಿ, ಕೈ ಎರಡೂ ಎಚ್ಚರ ಇರಬೇಕು. ನಟ್ಟು ಕಿರ್ ಅಂದರೆ ಖುಷಿಪಡಿ, ತುಕ್ಕು ಒಡೆಯುತ್ತಿದೆ. ಸದ್ದೇ ಇಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗಿದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ನಿಮ್ಮ ಐದನೆಯದೂ ಮುರಿಯುವ ಮುಂಚೆ ಹೀಗೇ ಮೆತ್ತಗಾಗಿತ್ತಾ, ನೆನಪು ಮಾಡಿಕೊಳ್ಳಿ.

ಈ ಮೂರರಲ್ಲಿ ಯಾವುದಾದರೂ ಹಾಗಾದರೆ ಬೆಂಕಿಯೇ ಗತಿ. ಬ್ಯಾಟರಿ ಕಳಚಿ, ವೈರು, ಪ್ಲಾಸ್ಟಿಕ್ ದೂರ ಸರಿಸಿ, ಎಣ್ಣೆ ಪೂರ್ತಿ ಒರೆಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ಗ್ಯಾಸ್ ಟಾರ್ಚಿನ ಜ್ವಾಲೆ ನಟ್ಟಿನ ಮೇಲಷ್ಟೇ ಬೀಳಲಿ. ಕೆಂಪಾಗುವ ಹೊತ್ತಿಗೆ ನಟ್ಟು ಹಿಗ್ಗಿ ಸ್ಟಡ್ಡನ್ನು ಬಿಡುತ್ತದೆ. ಹೆಡ್ ಅಲ್ಯೂಮಿನಿಯಂದಾದರೆ ಜ್ವಾಲೆ ಅತ್ತ ಹೋಗಲೇಬಾರದು. ಶುದ್ಧ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ; ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಮುರಿದ ಸ್ಟಡ್ಡನ್ನು ಕೊನೆಗಿಡಿ. ಮ್ಯಾನಿಫೋಲ್ಡ್ ಹೊರಬಂದ ಮೇಲೆ ಸ್ವಲ್ಪ ಉದ್ದ ಚಾಚಿಕೊಂಡಿದ್ದರೆ ಲಾಕಿಂಗ್ ಪ್ಲೈಯರ್ ಸಾಕು. ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಅದರ ಮೇಲೆ ಒಂದು ನಟ್ಟಿಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಕಾವಿಗೇ ಎಷ್ಟೋ ಸಲ ಸ್ಟಡ್ ಸಡಿಲಾಗುತ್ತದೆ. ರಂಧ್ರ ಕೊರೆದು, ಒಳಗಿಂದ ಕಚ್ಚಿ ತಿರುಗಿಸುವ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ಹಾಕುವ ಆಸೆ ಬೇಡ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅದನ್ನೇ ಮಾಡಿ, ಎಕ್ಸ್‌ಟ್ರ್ಯಾಕ್ಟರನ್ನೇ ಒಳಗೆ ಮುರಿದೆ. ಅದರ ಉಕ್ಕು ಎಷ್ಟು ಗಟ್ಟಿ ಅಂದರೆ ಡ್ರಿಲ್ ಬಿಟ್‌ಗಳೆಲ್ಲ ಮೊಂಡಾದವು. ಕೊನೆಗೆ ಹೆಡ್ಡೇ ಇಳಿಸಬೇಕಾಯಿತು, ಒಂದು ದಿನದ ಕೆಲಸ ಒಂದು ವಾರ ಹಿಡಿಯಿತು. ಮೇಸ್ತ್ರಿ ಬೈಯಲಿಲ್ಲ, ಸುಮ್ನೆ ನೋಡುತ್ತಾ ನಿಂತಿದ್ದರು. ಬೈದಿದ್ದರೆ ವಾಸಿಯಿತ್ತು.

ಜೋಡಿಸುವಾಗ ಸ್ಟಡ್, ನಟ್, ಗ್ಯಾಸ್ಕೆಟ್ ಎಲ್ಲ ಹೊಸದೇ ಹಾಕಿ. ಬಿಗಿ ಮಾಡುವುದು ನಡುವಿನಿಂದ ಶುರುವಾಗಿ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ. ಎಷ್ಟು ಬಿಗಿ ಅನ್ನುವುದನ್ನು ಕಾರಿನ ಮ್ಯಾನ್ಯುಯಲ್ ನೋಡಿ, ಅಂದಾಜು ಬೇಡ.

ಮಾರನೆ ದಿನ ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಹಾಗೇ ಇದ್ದರೆ ಇನ್ನೊಂದು ಕಾಗದ ಬರೆಯಿರಿ, ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಮಾಡುತ್ತಿದೆಯಾ ನೋಡೋಣ.