ಯೀಸ್ಟ್‌ನ ಪೊರೆ ಕರಗದೆ ಎರಡಾಗುವುದು ಹೇಗೆ?

ಜೀವಶಾಸ್ತ್ರ ಕಲಿಸುವ ಓದುಗರೊಬ್ಬರು ಕೇಳಿದ್ದಾರೆ: "ಕೋಶ ವಿಭಜನೆಯಾಗುವಾಗ ಕೋಶಕೇಂದ್ರದ ಪೊರೆ ಕರಗುತ್ತದೆ ಎಂದು ಪಠ್ಯಪುಸ್ತಕದಲ್ಲಿದೆ. ಯೀಸ್ಟ್‌ನಲ್ಲಿ ಕರಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಯಾವುದು ಸರಿ? ಕರಗದಿದ್ದರೆ ಅದು ಎರಡಾಗುವುದು ಹೇಗೆ?"

ಎರಡೂ ಸರಿ. ಪಠ್ಯಪುಸ್ತಕ ಹೇಳುತ್ತಿರುವುದು ಪ್ರಾಣಿ, ಸಸ್ಯಗಳ ಕೋಶದ ಬಗ್ಗೆ. ಅಲ್ಲಿ ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಎಳೆಗಳು ಕೋಶಕೇಂದ್ರದ ಹೊರಗಿರುತ್ತವೆ. ಪೊರೆ ಹೋಗದೆ ಅವು ವರ್ಣತಂತುಗಳನ್ನು ಮುಟ್ಟಲಾರವು. ಯೀಸ್ಟ್‌ನಲ್ಲಿ ಎಳೆಗಳ ಬುಡವೇ ಪೊರೆಯಲ್ಲಿ ನಾಟಿಕೊಂಡು, ಎಳೆಗಳು ಒಳಗೇ ಬೆಳೆಯುತ್ತವೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ಒಂದು ಮಣ್ಣಿನ ಉಂಡೆಯನ್ನು ಎರಡು ಸಮ ಉಂಡೆ ಮಾಡಿ ನೋಡಿ. ಮಣ್ಣು ಅಷ್ಟೇ, ಆದರೆ ಹೊರಮೈ ಸುಮಾರು 26% ಹೆಚ್ಚುತ್ತದೆ. ಕೋಶಕೇಂದ್ರಕ್ಕೂ ಇದೇ ಲೆಕ್ಕ. ಆ ಹೆಚ್ಚುವರಿ ಪೊರೆ ಎಲ್ಲಿಂದ ಬರಬೇಕು?

ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆ ಎಂಬ ಯೀಸ್ಟ್ ಅದನ್ನು ವಿಭಜನೆಯ ಹೊತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಲಿಪಿನ್ ಎಂಬ ಕಿಣ್ವ ಸಾಮಾನ್ಯವಾಗಿ ಪೊರೆಯ ಕಚ್ಚಾವಸ್ತುವನ್ನು ಕೊಬ್ಬಿನ ದಾಸ್ತಾನಿನ ಕಡೆಗೆ ತಿರುಗಿಸುತ್ತದೆ. ವಿಭಜನೆ ಶುರುವಾದಾಗ ಸಿಡಿಕೆ1 ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸಿ ತಡೆಯುತ್ತದೆ. ಆಗ ಕಚ್ಚಾವಸ್ತು ಪೊರೆಗೆ ಹೋಗುತ್ತದೆ. ವರ್ಣತಂತುಗಳ ವಿಭಜನೆಗೆ ಚಾಲನೆ ಕೊಡುವ ಸಿಡಿಕೆ1 ಪೊರೆಯ ಪೂರೈಕೆಯನ್ನೂ ನೋಡಿಕೊಳ್ಳುತ್ತದೆ! ಎಷ್ಟು ಅಚ್ಚುಕಟ್ಟು, ಅಲ್ವಾ?

ಇದರ ಹತ್ತಿರದ ನೆಂಟ ಸ್ಕಿಜೋಸ್ಯಾಕರೋಮೈಸಿಸ್ ಜಪೋನಿಕಸ್ ಹಾಗೆ ಮಾಡುವುದಿಲ್ಲ. ಅದರ ಪೊರೆ ಬೆಳೆಯುವುದಿಲ್ಲ. ಕೋಶಕೇಂದ್ರ ಉದ್ದಕ್ಕೆ ಹಿಗ್ಗಿ, ಕೊನೆಗೆ ಪೊರೆ ನಡುವೆ ಹರಿಯುತ್ತದೆ. ಪೊರೆ ಕಟ್ಟಲು ಬೇಕಾದ ಕೊಬ್ಬಿನಾಮ್ಲದ ತಯಾರಿಕೆ ತಡೆದರೆ ಪಾಂಬೆಯ ಸ್ಪಿಂಡಲ್ ಹಿಗ್ಗಲು ಜಾಗವಿಲ್ಲದೆ ಬಾಗಿಬಿಡುತ್ತದೆ. ಜಪೋನಿಕಸ್ ಮಾತ್ರ ವಿಭಜನೆ ಮುಗಿಸುತ್ತದೆ. ಇಷ್ಟು ಹತ್ತಿರದ ಎರಡು ಜೀವಿಗಳು ಒಂದೇ ಲೆಕ್ಕಕ್ಕೆ ಎರಡು ಉತ್ತರ ಕಂಡುಕೊಂಡಿವೆ. ಈ ಹೋಲಿಕೆಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಲೇಬೇಕು ಅನ್ನುವುದು ನನ್ನ ಆಸೆ.

ಇನ್ನೊಂದು ಮಾತು. 'ಮುಚ್ಚಿದ ವಿಭಜನೆ' ಎಂದರೆ ಪೊರೆ ಕೊನೆತನಕ ಎಲ್ಲೂ ತೆರೆಯುವುದೇ ಇಲ್ಲ ಎಂದು ನಂಬಿದ್ದ ಕಾಲವಿತ್ತು. ಅದು ಪೂರ್ತಿ ನಿಜವಲ್ಲ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಪಾಂಬೆಯ ಕೋಶಕೇಂದ್ರ ಎರಡಾಗುವ ಮುನ್ನ ನಡುವೆ ಸಪೂರವಾದ ಸೇತುವೆ ಉಳಿಯುತ್ತದೆ. ಆ ಸೇತುವೆಯ ಮಧ್ಯದಲ್ಲಿ ಪೊರೆಯ ರಂಧ್ರಗಳ ಪ್ರೋಟೀನ್‌ಗಳು ಕಳಚಿಕೊಳ್ಳುತ್ತವೆ, ಪೊರೆ ಅಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ಎರಡು ಬದಿಯ ಮರಿ ಕೋಶಕೇಂದ್ರಗಳು ಸೋರುವುದಿಲ್ಲ. ಬಿರುಕು ಆಚೀಚೆ ಹರಡದಂತೆ ಲೆಸ್1 ಎಂಬ ಪ್ರೋಟೀನ್ ಕಾಯುತ್ತದೆ.

ಹೀಗಾಗಿ 'ಕರಗುತ್ತದೆ', 'ಕರಗುವುದಿಲ್ಲ' ಎಂಬ ಎರಡೇ ಖಾನೆ ಸಾಲುವುದಿಲ್ಲ. ಇಡೀ ಪೊರೆ ಬಿಚ್ಚುವ ನಮ್ಮ ಕೋಶದಲ್ಲೂ, ನಡುವೆ ಹರಿಯುವ ಜಪೋನಿಕಸ್‌ನಲ್ಲೂ ಕೊನೆಗೆ ಉಳಿದ ತೂತು ಮುಚ್ಚುವುದು ಎಸ್ಕಾರ್ಟ್-3 ಎಂಬ ಒಂದೇ ಬಗೆಯ ಪ್ರೋಟೀನ್‌ಗಳ ಗುಂಪು.

— ಸಂಪಾದಕ